ಬಾಲದಕ್ಕ ಮುಂದೆ ಹೋದ ದಿನ

ಸೈಕಲ್ಲಿನವರ ಗುಂಪಿನಲ್ಲಿ ಅವಳನ್ನು ಎಲ್ಲರೂ ಬಾಲದಕ್ಕ ಎನ್ನುತ್ತಿದ್ದರು. ಹೆಸರಿಟ್ಟವನು ಅವಳ ಅಕ್ಕನ ಗಂಡ. ರಜೆ ಬಂತೆಂದರೆ ಹತ್ತಿಪ್ಪತ್ತು ಜನರನ್ನು ಕಟ್ಟಿಕೊಂಡು ಹೊಲದ ದಾರಿ, ಹೊಳೆಯ ಕಣಿವೆ, ಕಡಲ ದಂಡೆ ಎಂದು ಸೈಕಲ್ ಸುತ್ತಾಟಕ್ಕೆ ಹೊರಟುಬಿಡುವ ಭಾವ. ಅವನು ತಲೆ, ಇವಳು ಬಾಲ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಎಲ್ಲರಿಗಿಂತ ಹಿಂದೆ ಬರುವುದು ಅವಳ ಪಾಲಿನ ಕೆಲಸ.

ಹಿಂದೆ ಇರುವುದು ಅವಳಿಗೆ ಹೊಸದಲ್ಲ. ಐದು ಮಕ್ಕಳಲ್ಲಿ ಕೊನೆಯವಳಾಗಿ ಹುಟ್ಟಿದ್ದಳು. ಅಕ್ಕಂದಿರು ಸವೆಸಿದ ಚಪ್ಪಲಿ, ಅಕ್ಕಂದಿರು ಓದಿ ಹರಿದ ಪುಸ್ತಕ, ಎಲ್ಲರ ಸ್ನಾನವಾದ ಮೇಲೆ ಉಳಿದ ಉಗುರುಬೆಚ್ಚಗಿನ ನೀರು, ಇಷ್ಟರಲ್ಲೇ ಬೆಳೆದಳು. ಮದುವೆಯ ಸರದಿ ಬರುವ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದ. ಅಪ್ಪ ಹೋಗುವಷ್ಟರಲ್ಲಿ ಸರದಿಯೂ ಹೋಗಿತ್ತು. ಈಗ ಅಕ್ಕನ ಮನೆಯ ಹಿತ್ತಲ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಸೈಕಲ್ಲಿಗೆ ಕಟ್ಟುವ ದಪ್ಪ ಬಟ್ಟೆಯ ಚೀಲಗಳನ್ನು ಹೊಲಿಯುತ್ತಿದ್ದಳು. ಹೊಲಿಗೆ ಗಟ್ಟಿ, ಬಾಯಿ ಮೆತ್ತಗೆ. ಇಂಥವರನ್ನು ಜನ ಬಹಳ ಒಳ್ಳೆಯವರು ಎನ್ನುತ್ತಾರೆ, ಎಂದಾದರೂ ಏನು ಬೇಕು ಎಂದು ಮಾತ್ರ ಕೇಳುವುದಿಲ್ಲ.

ಗುಂಪಿನ ಕಟ್ಟಳೆ ಸರಳವಾಗಿತ್ತು. ದಾರಿ ಕವಲೊಡೆಯುವ ಕಡೆ ಭಾವ ಒಬ್ಬರನ್ನು ನಿಲ್ಲಿಸಿ ಮುಂದೆ ಹೋಗುತ್ತಿದ್ದ. ನಿಂತವರು ಹಿಂದೆ ಬರುವವರಿಗೆಲ್ಲ ಕೈಮಾಡಿ ದಾರಿ ತೋರಿಸಬೇಕು. ಕಿತ್ತಳೆ ಜಾಕೆಟ್ ದಾಟಿತೆಂದರೆ ತಾವೂ ಹೊರಡಬೇಕು. ಯಾರು ಬಂದರು, ಯಾರು ಬರಲಿಲ್ಲ ಎಂಬ ಲೆಕ್ಕವೇ ಇಲ್ಲ. ಬಾಲ ಬಂತೆಂದರೆ ಅದರ ಹಿಂದೆ ಯಾರೂ ಇಲ್ಲ ಎಂದೇ ಅರ್ಥ. ಹಾಗಾಗಿ ಬಾಲಕ್ಕೆ ಇದ್ದದ್ದು ಒಂದೇ ನಿಯಮ. ಮುಂದಿನವರು ಎಷ್ಟೇ ನಿಧಾನವಾಗಲಿ, ಅವರನ್ನು ದಾಟಬಾರದು.

ಎಲ್ಲರಿಗಿಂತ ನಿಧಾನ ಎಂದರೆ ಟೀಚರಮ್ಮ. ನಿವೃತ್ತರಾಗುವವರೆಗೆ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವರು. ಗೋಡೆಯ ನಕ್ಷೆಯಲ್ಲಿ ಕೋಲಿಟ್ಟು ತೋರಿಸಿದ ನದಿಗಳಲ್ಲಿ ಒಂದನ್ನಾದರೂ ಕಣ್ಣಾರೆ ನೋಡಬೇಕೆಂದು ಆ ವಯಸ್ಸಿನಲ್ಲಿ ಸೈಕಲ್ ಕಲಿತರು. ಮನೆಯಲ್ಲಿ ಜೊತೆಗಿದ್ದ ಮಗನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಬಿದ್ದು ಕೈಕಾಲು ಮುರಿದುಕೊಂಡರೆ ನೋಡುವವರು ಯಾರು, ಅಷ್ಟು ಜನರಿಗೆ ಹೊರೆಯಾಗಿ ಯಾಕೆ ಹೋಗುತ್ತೀ ಎಂದು ಪ್ರತಿ ಸಲವೂ ಬಾಗಿಲಲ್ಲೇ ರಾಗ ತೆಗೆಯುತ್ತಿದ್ದ. ಟೀಚರಮ್ಮ ಕೇಳಿಸದವರಂತೆ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದರು. ದಾರಿಯಲ್ಲಿ ಇವರು ಬಂಡೆ ಕಂಡರೆ ಇಳಿಯುವರು, ಹೊಳೆ ತಿರುಗಿದಲ್ಲಿ ಇಳಿಯುವರು, ಮರಳು ಇಲ್ಲೇ ಯಾಕೆ ಕೂತಿದೆ ಎಂದು ಬಾಲದಕ್ಕನಿಗೆ ಪಾಠ ಒಪ್ಪಿಸುವರು. ಅವಳು ಒಂದು ಕಾಲು ನೆಲಕ್ಕೂರಿ ಹೂಂಗುಟ್ಟುತ್ತಿದ್ದಳು.

ಆ ದಿನವೂ ಬೆಳಗಿನಿಂದ ಹೂಂಗುಟ್ಟಿದ್ದೇ ಆಯಿತು. ಹೊಳೆಯ ಪಕ್ಕದ ಏರನ್ನು ಹತ್ತಿ ದಿಣ್ಣೆಯ ತಲೆ ತಲುಪಿದಾಗ ಎದುರಿಗೆ ಕಡಲು ಕಂಡಿತು. ಅಲ್ಲಿಂದ ಕೆಳಗಿನ ಕವಲಿನವರೆಗೆ ಉದ್ದದ ಇಳಿಜಾರು. ಟೀಚರಮ್ಮ ಎರಡೂ ಬ್ರೇಕ್ ಹಿಚುಕಿಕೊಂಡು ಅಂಗುಲ ಅಂಗುಲವಾಗಿ ಇಳಿಯತೊಡಗಿದರು. ಹಿಂದೆ ಬಾಲದಕ್ಕನ ಬೆರಳುಗಳೂ ಬ್ರೇಕಿನ ಮೇಲೇ ನೋಯುತ್ತಿದ್ದವು. ಗಾಳಿ ಬೆನ್ನಿಗೆ ಬಡಿಯುತ್ತಿತ್ತು. ಮುಂದಿನ ತಿರುವಿನವರೆಗೆ ಮಾತ್ರ ಹೋಗಿ ನಿಂತರಾಯಿತು ಎಂದುಕೊಂಡು ಬ್ರೇಕ್ ಬಿಟ್ಟಳು. ಟೀಚರಮ್ಮನನ್ನು ದಾಟುವಾಗ ಅವರ ಕಡೆ ನೋಡಲಿಲ್ಲ. ತಿರುವು ಬಂತು, ನಿಲ್ಲಲಿಲ್ಲ. ಇನ್ನೊಂದು ಬಂತು, ಅಲ್ಲೂ ನಿಲ್ಲಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳ ಮುಂದೆ ಯಾರ ಬೆನ್ನೂ ಇಲ್ಲದ ರಸ್ತೆ ಅದೇ ಮೊದಲು. ಖುಷಿಯಾಯಿತು, ಬಾಯಿ ಬಿಟ್ಟು ನಗುವಷ್ಟು ಖುಷಿಯಾಯಿತು. ಕವಲಿನಲ್ಲಿ ಭಾವ ನಿಲ್ಲಿಸಿಹೋಗಿದ್ದ ಫೋಟೋ ಸ್ಟುಡಿಯೋದವನು ಬಲಕ್ಕೆ ಕೈಮಾಡಿದ. ಅವಳು ಅವನಿಗೂ ಒಂದು ನಗೆ ಎಸೆದು, ಹಳೆಯ ರೈಲು ಹಳಿ ಕಿತ್ತು ಕಡಲ ಪಕ್ಕಕ್ಕೆ ಮಾಡಿದ್ದ ಸೈಕಲ್ ದಾರಿಗೆ ನುಗ್ಗಿದಳು. ಕಿತ್ತಳೆ ಜಾಕೆಟ್ ದಾಟಿತಲ್ಲ, ಅವನೂ ಹಿಂದೆಯೇ ಹೊರಟ.

ಬಹಳ ದೂರ ಹೋದ ಮೇಲೆ ಅವನು ಪಕ್ಕಕ್ಕೆ ಬಂದು ಏನೋ ಮಾತಾಡಿಸಿದಾಗಲೇ ಅವಳಿಗೆ ನೆನಪಾದದ್ದು. ಬ್ರೇಕ್ ಹಿಡಿದು ನಿಂತಳು. ಟೀಚರಮ್ಮ ಹಿಂದೆ ಉಳಿದರು ಎಂದು ಅಲ್ಲೇ ಹೇಳಿದ್ದರೆ ಅವನೂ ತಿರುಗುತ್ತಿದ್ದ, ಇಬ್ಬರಿದ್ದರೆ ಎರಡು ದಾರಿ ನೋಡಬಹುದಿತ್ತು. ಹೇಳಲು ನಾಚಿಕೆಯಾಯಿತು. ಚೀಲದ ಪಟ್ಟಿ ಸಡಿಲವಾಗಿದೆ, ನೀನು ನಡೆ ಎಂದುಬಿಟ್ಟಳು. ತಾನೇ ಹೊಲಿದ ಪಟ್ಟಿ, ಎಂದೂ ಸಡಿಲವಾದದ್ದಲ್ಲ.

ಕವಲಿಗೆ ಮರಳಿ ಬಂದು ಕಾದಳು. ಟೀಚರಮ್ಮ ಇನ್ನೂ ಇಳಿಜಾರಿನಲ್ಲೇ ಇದ್ದಾರೆ, ಈಗ ಬರುತ್ತಾರೆ, ಇಗೋ ಬಂದರು ಎಂದು ತನಗೆ ತಾನೇ ಹೇಳಿಕೊಂಡಳು. ಅವರು ಆಗಲೇ ಬಂದು, ಯಾರೂ ಇಲ್ಲದ ಕವಲು ನೋಡಿ, ಹೊಳೆ ಇದ್ದ ಕಡೆಗೇ ದಾರಿ ಇರಬೇಕೆಂದು ಎಡಕ್ಕೆ ಹೋಗಿದ್ದರು. ಟೀಚರಮ್ಮನ ಬಳಿ ಫೋನ್ ಇರಲಿಲ್ಲ. ಭಾವನಿಗೆ ಫೋನ್ ಮಾಡಲು ಎಷ್ಟೋ ಸಲ ಕೈ ಹೋಯಿತು. ಏನಂತ ಹೇಳುವುದು? ನೆರಳು ಉದ್ದವಾದ ಮೇಲೆ ಮಾಡಿದಳು. ಅಷ್ಟರಲ್ಲಿ ಎಡದ ದಾರಿಯ ಹಲಗೆ ಸೇತುವೆಯಿಂದ ಕೆಳಕ್ಕೆ ಉರುಳಿ ತೊಡೆಯ ಮೂಳೆ ಮುರಿದುಕೊಂಡು ಬಿದ್ದಿದ್ದ ಹೆಂಗಸನ್ನು ಒಬ್ಬ ದೋಣಿಯವ ಕಂಡು ಜನ ಸೇರಿಸಿದ್ದ. ಮಧ್ಯಾಹ್ನದಿಂದ ಬಿಸಿಲಿನಲ್ಲಿ ಬಿದ್ದಿದ್ದರು. ಕೂಗಿ ಕೂಗಿ ಅವರ ದನಿ ಕಟ್ಟಿಹೋಗಿತ್ತು.

ಅವರನ್ನು ಬಿಟ್ಟು ಮುಂದೆ ಯಾಕೆ ಹೋದೆ ಎಂದು ಆಸ್ಪತ್ರೆಯಲ್ಲಿ ಭಾವ ಕೇಳಿಯೇ ಕೇಳಿದ. ಬಾಲದಕ್ಕ ಬಾಯಿ ತೆರೆಯುವ ಮೊದಲೇ ಮಂಚದ ಮೇಲಿನಿಂದ ಟೀಚರಮ್ಮನ ಕಟ್ಟಿದ ದನಿ ಬಂತು.

"ಅವಳನ್ನೇನೂ ಅನ್ಬೇಡಿ. ನೀನು ಮುಂದೆ ಹೋಗು, ನಾನು ಬರ್ತೀನಿ ಅಂತ ನಾನೇ ಕಳಿಸಿದ್ದು."

ದೊಡ್ಡವರು ಹೇಳಿದರೆ ಅವಳಾದರೂ ಏನು ಮಾಡಿಯಾಳು ಎಂದು ಭಾವ ಅಲ್ಲಿಗೇ ಬಿಟ್ಟ. ಆಮೇಲೆ ಎಲ್ಲರೂ ಅವಳನ್ನೇ ಸಮಾಧಾನ ಮಾಡತೊಡಗಿದರು. ಅಕ್ಕ ಹಾಲು ಬಿಸಿ ಮಾಡಿ ಕೋಣೆಗೇ ತಂದುಕೊಟ್ಟಳು. ಭೂಗೋಳದ ಟೀಚರೇ ದಾರಿ ತಪ್ಪಿದರಂತೆ ಎಂದು ಸ್ಟುಡಿಯೋದವನು ನಗೆಯಾಡಿದ. ಎಲ್ಲರೂ ನಕ್ಕರು. ಅವಳಿಗೆ ಮಾತ್ರ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಗಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಯಾರಾದರೂ ಒಬ್ಬರು ಸರಿಯಾಗಿ ಬೈದಿದ್ದರೆ ಆ ದಿನ ಊಟ ಸೇರುತ್ತಿತ್ತೋ ಏನೋ. ಹೊಲಿಗೆ ಡೊಂಕಾಗತೊಡಗಿತು. ಹೊಲಿದದ್ದನ್ನು ಬಿಚ್ಚುವುದು, ಬಿಚ್ಚಿದ್ದನ್ನು ಹೊಲಿಯುವುದು. ಕಡೆಗೆ, ಹೋಗಿ ಟೀಚರಮ್ಮನ ಮಗನ ಮುಂದೆಯೇ ಎಲ್ಲವನ್ನೂ ಹೇಳಿಬಿಡುತ್ತೇನೆ, ಏನಾದರೂ ಆಗಲಿ ಎಂದು ಎದ್ದಳು.

ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಟೀಚರಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಮಗ ಒಳಗೆ ಯಾರೊಂದಿಗೋ ಫೋನಿನಲ್ಲಿದ್ದ. ಅವನು ಹೊರಗೆ ಬರಲಿ, ಹೇಳಬೇಕಾದ್ದಿದೆ ಎಂದು ಬಾಲದಕ್ಕ ಮೆಲ್ಲಗೆ ಅಂದಳು. ಹೇಳಲು ಏನಿದೆ ಎಂದು ಅವರಿಗೆ ಗೊತ್ತಿತ್ತು.

"ಬೇಡ," ಅಂದರು ಟೀಚರಮ್ಮ. "ನಿನ್ನ ಉಳಿಸೋಕೆ ಸುಳ್ಳು ಹೇಳ್ದೆ ಅಂದ್ಕೊಂಡಿದೀಯಾ? ನಿನ್ನ ಮೇಲೆ ನನಗೆ ಸಿಟ್ಟಿದೆ. ಅಲ್ಲಿ ಬಿದ್ದಿದ್ದಾಗ ಬಾಯಿಗೆ ಬಂದ ಹಾಗೆ ಬೈದಿದೀನಿ."

ಹಾಗಾದರೆ ಹೇಳಿಬಿಡುತ್ತೇನೆ, ಬಿಡಿ ಎಂದಳು ಬಾಲದಕ್ಕ.

"ಹೇಳಿದ್ರೆ ಏನಾಗತ್ತೆ? ಮುದುಕಿ ನಿಧಾನ ಅಂತ ಬೇಜಾರಾಗಿ ಬಿಟ್ಟು ಹೋದ್ರು ಅಂತಾಗತ್ತೆ. ನಾನು ಎಲ್ಲರಿಗೂ ಹೊರೆ ಅಂತ ಇವನು ಹೇಳ್ತಿದ್ದಿದ್ದು ನಿಜ ಆಗತ್ತೆ. ಹಠ ಮಾಡಿ ಬಿದ್ದೋಳು ಅಂದ್ರೆ ನಾನು ತಡ್ಕೋತೀನಿ. ಬಿಟ್ಟು ಹೋದೋಳು ಅನ್ನಿಸ್ಕೋಳಕ್ಕೆ ನನ್ನಿಂದ ಆಗಲ್ಲ."

ಮಗ ಫೋನ್ ಮುಗಿಸಿ ಹೊರಗೆ ಬಂದ. ಬಂದವಳನ್ನು ಕೂರಿಸಿ, ತಾನೂ ಕೂತು, ಬಹಳ ದಿನದಿಂದ ತಲೆಯಲ್ಲಿದ್ದುದನ್ನು ಕೇಳುವವನಂತೆ ನೇರವಾಗಿ ಕೇಳಿದ. "ನೀವು ಸುಳ್ಳು ಹೇಳೋರಲ್ಲ ಅಂತ ಕೇಳ್ತಿದೀನಿ. ನಿಜವಾಗ್ಲೂ ಅಮ್ಮನೇ ನಿಮ್ಮನ್ನ ಕಳಿಸಿದ್ರಾ?"

ಟೀಚರಮ್ಮ ಕಿಟಕಿಯ ಕಡೆ ತಿರುಗಿದರು. ಕುರ್ಚಿಯ ತೋಳಿನ ಮೇಲಿದ್ದ ಅವರ ಕೈ ಬಿಗಿಯಾದದ್ದು ಬಾಲದಕ್ಕನಿಗೆ ಕಂಡಿತು. ಅವಳು ಹೇಳಲೆಂದು ಬಂದ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದ್ದರೆ ಆ ಹೊತ್ತೇ ಅವಳ ಎದೆ ಹಗುರವಾಗುತ್ತಿತ್ತು.

"ಹೌದು," ಅಂದಳು. "ನಾನು ಒಲ್ಲೆ ಅಂದೆ. ಅವರೇ ಗದರಿಸಿ ಕಳಿಸಿದ್ರು."

ನೋಡಿದೆಯಾ ಅಮ್ಮ, ಎಲ್ಲ ನಿನ್ನ ಹಠದಿಂದಲೇ ಆದದ್ದು ಎಂದು ಮಗ ಶುರು ಮಾಡಿದ. ಟೀಚರಮ್ಮ ಒಂದು ಮಾತೂ ಎದುರಾಡದೆ ಬೈಸಿಕೊಂಡರು. ಬೈಸಿಕೊಳ್ಳಬೇಕಾದವಳು ಪಕ್ಕದಲ್ಲೇ ಕೂತು ಕೊನೆಯವರೆಗೂ ಕೇಳಿಸಿಕೊಂಡಳು.