ಟೆಂಡರು ಹಾಕಲು ಕಲಿಸಿದವನು ನಾನೇ

ಸರ್ಕಾರಿ ಟೆಂಡರು ಹಾಕುವುದು ಹೇಗೆಂದು ಒಬ್ಬನಿಗೆ ಕಲಿಸಿದೆ. ಆಮೇಲೆ ಅವನನ್ನು ಹೊಡೆಸಿದೆ. ಎರಡನ್ನೂ ಮಾಡಿದವನು ನಾನೇ.

ಎಂಬತ್ತರ ದಶಕದ ಮಾತು. ಕೋಯಮತ್ತೂರಿನ ಹತ್ತಿರದ ಅವಿನಾಶಿಯಲ್ಲಿ ನನಗೆ ಇಪ್ಪತ್ತನಾಲ್ಕು ಪವರ್‌ಲೂಮು, ಅವನಿಗೆ ನಾಲ್ಕು. ನಾನು ಕೊಟ್ಟ ನೂಲನ್ನು ಕೂಲಿಗೆ ನೇಯ್ದುಕೊಡುತ್ತಿದ್ದ. ಅವನ ಮನೆಯಲ್ಲೂ ಕನ್ನಡವೇ ಮಾತು. ಅದಕ್ಕೋ ಏನೋ ನನ್ನನ್ನು ಸ್ವಂತ ಅಣ್ಣನಂತೆ ನಂಬಿದ್ದ. ಸಣ್ಣ ಮಗ್ಗದವರಿಗೆ ಸರ್ಕಾರಿ ಆರ್ಡರು ಹಿಡಿಯುವುದನ್ನು ಕಲಿಸಿ ಎಂದು ಇಲಾಖೆಯವರು ನಮ್ಮ ಸಂಘಕ್ಕೆ ಹೇಳಿದಾಗ, ಸಂಘದ ಅಧ್ಯಕ್ಷನಾಗಿದ್ದ ನಾನು ಮೊದಲು ಆರಿಸಿಕೊಂಡದ್ದು ಅವನನ್ನೇ. ಗುರು ಅನ್ನಿಸಿಕೊಳ್ಳುವ ಚಪಲ. ಇಂಗ್ಲಿಷ್ ಫಾರ್ಮು ತುಂಬುವುದು, ಬ್ಯಾಂಡೇಜ್ ಬಟ್ಟೆಯ ಮಾದರಿಗೆ ಅರಗಿನ ಮುದ್ರೆ ಒತ್ತುವುದು, ಎಲ್ಲ ಕಲಿಸಿದೆ. ಅಂಚೆಗೆ ಹಾಕಬೇಡ, ಟೆಂಡರು ಪೆಟ್ಟಿಗೆ ಮುಚ್ಚುವ ಅರ್ಧ ಗಂಟೆ ಮೊದಲು ನೀನೇ ಹೋಗು, ಹಿಂದಿನ ಮೆಟ್ಟಿಲು ಹತ್ತು, ಕವರನ್ನು ಬೆನ್ನಿನ ಮೇಲೆ ಬನಿಯನ್ನಿನೊಳಗೆ ಇಟ್ಟುಕೋ ಎಂದೂ ಹೇಳಿಕೊಟ್ಟೆ.

ಹೇಳದೆ ಉಳಿಸಿಕೊಂಡದ್ದು ಒಂದೇ. ಸರ್ಕಾರಿ ಆಸ್ಪತ್ರೆಗಳ ಬ್ಯಾಂಡೇಜ್ ಆರ್ಡರನ್ನು ನಾವು ಐದು ಜನ ದೊಡ್ಡ ಮಗ್ಗದವರು ಸರದಿಯಂತೆ ಹಂಚಿಕೊಳ್ಳುತ್ತಿದ್ದೆವು. ಹೊರಗಿನವರು ಪೆಟ್ಟಿಗೆಯ ಹತ್ತಿರ ಸುಳಿಯದಂತೆ ಆಳುಗಳನ್ನು ನಿಲ್ಲಿಸುತ್ತಿದ್ದೆವು. ಆ ಸಲದ ಸರದಿ ನನ್ನದು.

"ಅಣ್ಣಾ, ಈ ತಡವೆ ನಾನೂ ಹಾಕ್ತಿನಿ," ಎಂದ ಒಂದು ದಿನ, ನಗುತ್ತ. "ಸಿಕ್ಕಿದ್ರೆ ಇನ್ನ ನಿಮ್ಗೆ ಕೂಲಿ ನೇಯದಿಲ್ಲ."

"ಓಹೋ, ನನ್ನಂಗೆ ಮೊದಲಾಳಿ ಆಗ್ತೀಯಾ?"

"ನೀವೇ ಮಾಡ್ದೋರು, ನೀವೇ ತಡಿತೀರಾ?"

ತನ್ನ ದರವನ್ನೂ ಹೇಳಿಬಿಟ್ಟ. ಅದು ನನ್ನದಕ್ಕಿಂತ ಕಡಿಮೆಯಿತ್ತು.

ಕೊನೆಯ ದಿನ, ಕೋಯಮತ್ತೂರಿನ ಟೆಂಡರು ಆಫೀಸಿನ ಹಿಂದಿನ ಮೆಟ್ಟಿಲ ಬಳಿ ಎರಡೂವರೆಗೆ ಇಬ್ಬರನ್ನು ನಿಲ್ಲಿಸಿ, ನಾನು ಎದುರಿನ ಟೀ ಅಂಗಡಿಯಲ್ಲಿ ಕುಳಿತೆ. ನಾನು ಹೇಳಿಕೊಟ್ಟ ಹೊತ್ತಿಗೇ ಅವನು ಬಂದ. "ಕವರ್ ಎಂಗಡಾ?" ಕವರು ಎಲ್ಲೆಂದು ಕೇಳುತ್ತ ಒಬ್ಬ ಹೊಟ್ಟೆಗೆ ಗುದ್ದಿದ. ಇನ್ನೊಬ್ಬ ಕೂದಲು ಹಿಡಿದು ಮುಖವನ್ನು ಗೋಡೆಗೆ ಬಡಿದ. ಮೂಗಿನಿಂದ ರಕ್ತ ಇಳಿಯಿತು. ಅಂಗಿ ಹರಿದರು, ಜೇಬು ಕಿತ್ತರು. ಸಿಗಲಿಲ್ಲ. ಪೆಟ್ಟಿಗೆ ಮುಚ್ಚುವ ಮೂರು ಗಂಟೆ ಹತ್ತಿರವಾಗುತ್ತಿತ್ತು. ನಾನು ಲೋಟ ಇಟ್ಟು ರಸ್ತೆ ದಾಟಿದೆ.

ನನ್ನನ್ನು ಕಂಡು ಅವನ ಮುಖ ಅರಳಿತು. "ಬಂದ್ರಾ ಅಣ್ಣಾ. ಇವ್ರಿಗೆ ಹೇಳಿ, ಬಿಡ್ಸಿ."

ಬೆನ್ನಲ್ಲಿದೆ, ಬನಿಯನ್ನಿನೊಳಗೆ ಎಂದು ನಾನು ಆ ಇಬ್ಬರಿಗೆ ತಮಿಳಿನಲ್ಲಿ ಹೇಳಿದೆ.

ಅವನು ಬಲಗೈಯನ್ನು ಹಿಂದಕ್ಕೆ ತಿರುಗಿಸಿ ಕವರನ್ನು ಬಿಗಿಯಾಗಿ ಹಿಡಿದ. ಎಳೆದರೂ ಬಿಡಲಿಲ್ಲ. "ಹೊಡೀರಿ," ಎಂದೆ. ಕವರಿನ ಸಮೇತ ಆ ಕೈಯನ್ನು ಎಳೆದು ಕಲ್ಲುಮೆಟ್ಟಿಲಿಗೆ ಒತ್ತಿ ಕಬ್ಬಿಣದ ಸಲಾಕೆಯಿಂದ ಹೊಡೆದರು. ಮೂರನೇ ಏಟಿಗೆ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಕವರು ಹರಿದವನು ನಾನು.

ಬಸ್ಸಿನಿಂದ ಬಿದ್ದೆ ಎಂದು ಆಸ್ಪತ್ರೆಯಲ್ಲಿ ಬರೆಸಿದನಂತೆ. ಟೆಂಡರು ಹಾಕಲು ಬೇಕಾದ, ಸಣ್ಣ ಘಟಕವೆಂಬ ಅವನ ನೋಂದಣಿಗೆ ಪ್ರತಿವರ್ಷ ಸಂಘದ ಅಧ್ಯಕ್ಷನ ಸಹಿ ಬೇಕಿತ್ತು. ನನ್ನ ಹೆಸರು ಹೇಳಿದರೆ ಆ ಸಹಿ ಸಿಗುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಇನ್ನೊಂದು ಆಸ್ಪತ್ರೆಯ ಟೆಂಡರು ಬಂತು. ಕೈಗೆ ಕಟ್ಟು ಹಾಕಿಕೊಂಡೇ ನನ್ನ ಮನೆಗೆ ಬಂದು ಫಾರ್ಮನ್ನು ಮೇಜಿನ ಮೇಲಿಟ್ಟ. ನನ್ನ ಹೆಂಡತಿ ತಂದ ಕಾಫಿ ಮುಟ್ಟಲಿಲ್ಲ.

"ಬರಿಯಕ್ಕೆ ಆಗಲ್ಲ. ನೀವೇ ಬರೀರಿ."

"ನಿನ್ನ ಕೈ..."

"ಕೈ ಕತೆ ಬ್ಯಾಡ. ರೇಟ್ ಬರೀರಿ."

ಬರೆದೆ. ಮುದ್ರೆ ಒತ್ತಿದೆ. "ಬನ್ರಿ, ನೀವೇ ಹಾಕ್ಬೇಕು," ಎಂದ.

ಮೆಟ್ಟಿಲ ಬಳಿ ಅದೇ ಇಬ್ಬರು. "ವಾಂಗಣ್ಣಾ," ಎಂದು ನನ್ನನ್ನು ಬರಮಾಡಿಕೊಂಡು ಒಬ್ಬ ಬೀಡಿ ಎಸೆದು ಪಕ್ಕಕ್ಕೆ ಸರಿದ. ನನ್ನ ಹಿಂದೆ ಬರುತ್ತಿದ್ದ ಅವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹದಿನಾಲ್ಕು ಮೆಟ್ಟಿಲು ಹತ್ತಿ ಕವರು ಹಾಕಿದೆ. ಯಾರೂ ತಡೆಯಲಿಲ್ಲ. ಮೊದಲ ಸಲವೂ ನಾನು ಅವನ ಜೊತೆ ನಡೆದಿದ್ದರೆ ಸಾಕಿತ್ತು.

ಆ ಆರ್ಡರು ಅವನದಾಯಿತು. ಆಮೇಲೆ ಅವನು ನನಗೆ ಕೂಲಿ ನೇಯಲಿಲ್ಲ. ಅವನ ಬಲಗೈಯ ಮೂರು ಬೆರಳು ಮತ್ತೆ ಮಡಚಲು ಬರಲಿಲ್ಲ. ಎಳೆ ಕಡಿದಾಗಲೆಲ್ಲ ಗಂಟು ಹಾಕಲು ಹೆಂಡತಿಯನ್ನು ಕೂಗುತ್ತಿದ್ದನಂತೆ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅವನ ಬೀದಿಯ ತುದಿಯವರೆಗೆ ಹೋಗಿದ್ದೇನೆ. ಒಳಗಿಂದ ಮಗ್ಗದ ಸದ್ದು ಕೇಳಿಸುತ್ತಿತ್ತು. ಅಲ್ಲಿಂದಲೇ ತಿರುಗಿ ಬಂದಿದ್ದೇನೆ.