ವತ್ಸಲಾ ಅಕ್ಕೋರ ನೀಲಿ ಅಂಗಿ

ಕಳೆದ ಜೂನ್ ತಿಂಗಳ ಎರಡನೇ ಭಾನುವಾರ ಖಾನಾಪುರದ ಮಕ್ಕಳ ಕವಿತಾ ಶಿಬಿರಕ್ಕೆ ಒಂದು ಮಗುವೂ ಬರಲಿಲ್ಲ. ಶಿಬಿರ ನಡೆಸುತ್ತಿದ್ದ ನಿವೃತ್ತ ಚಿತ್ರಕಲಾ ಶಿಕ್ಷಕಿ ವತ್ಸಲಾ ಅಕ್ಕೋರು ಹನ್ನೊಂದು ಗಂಟೆಗೆ ತಾವು ಬರೆದ ಒಂದು ಚಿತ್ರವನ್ನು ಮೊಳೆಗೆ ತೂಗುಹಾಕಿದರು. ಹತ್ತು ನಿಮಿಷ ಒಬ್ಬರೇ ನೋಡಿದರು. ಆಮೇಲೆ ಎದ್ದು ಅದನ್ನು ಗೋಡೆಗೆ ಮುಖಮಾಡಿ ತಿರುಗಿಸಿದರು. ಮಧ್ಯಾಹ್ನ ಒಂದು ಗಂಟೆಯವರೆಗೆ ಕುಳಿತರು. ನಾನು ಬಾಗಿಲ ಬಳಿ ಇದ್ದೆ.

ಆ ತಿರುಗಿಸುವುದೇ ಅವರ ಪದ್ಧತಿ. ಶಿಬಿರ ತುಂಬಿರುತ್ತಿದ್ದ ದಿನಗಳಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಆ ಕೋಣೆಯಲ್ಲಿ ಹದಿನಾಲ್ಕು ಮಕ್ಕಳು ಚಾಪೆಯ ಮೇಲೆ ಕೂತು, ಮೊದಲು ಚಿತ್ರ ನೋಡುತ್ತಿದ್ದರು. ಅದು ಕಣ್ಮರೆಯಾದ ಮೇಲೆಯೇ ಬರೆಯಬೇಕು. “ಮುಂದಿದ್ರ ನಕಲು ಹೊಡೀತೀರಿ. ಈಗ ಕಣ್ಣಾಗ ಏನ್ ಉಳದೈತಿ, ಅದನ್ನ ಬರೀರಿ,” ಎನ್ನುತ್ತಿದ್ದರು. ಕನ್ನಡವಾದರೂ ಸರಿ, ಮರಾಠಿಯಾದರೂ ಸರಿ. ಒಬ್ಬ ಹುಡುಗ ‘ಸುಂದರ ಹೂವು’ ಎಂದು ಬರೆದಾಗ ತಮ್ಮ ಬಣ್ಣದ ಡಬ್ಬಿಯನ್ನು ಅವನ ಮುಂದಿಟ್ಟರು. “ಸುಂದರ ಅನ್ನೂ ಬಣ್ಣ ಇದರಾಗ ಯಾವುದೈತಿ, ತೋರ್ಸಪಾ ನೋಡೂಣು.”

ಬರೆದದ್ದನ್ನು ಓದುವಾಗಲೂ ಮಗು ಗೋಡೆಗೇ ಮುಖ ಮಾಡಬೇಕು. ಉಳಿದವರ ಮುಖ ಕಂಡರೆ ನಾಚಿಕೆಯಾಗುತ್ತದೆ ಎಂಬುದು ಅವರ ಅನುಭವ. ನೋಟ್‌ಬುಕ್ಕುಗಳನ್ನು ತಾವು ಇಟ್ಟುಕೊಳ್ಳುತ್ತಿರಲಿಲ್ಲ. “ವಹಿ ಮಕ್ಕಳ ಕೂಡನ ಮನಿಗೆ ಹೋಗಬೇಕು.”

ಬೆಳಗಾವಿಯ ಸದಾಶಿವನಗರದಲ್ಲಿ ಅಕ್ಕೋರು, ನಾನು ನೆರೆಹೊರೆಯವರು. ಮದುವೆಯಾಗದ ಅವರ ಮನೆಗೆ ಬಂದುಹೋಗುವವರು ಕಡಿಮೆ. ವಾರಕ್ಕೊಮ್ಮೆ ಖಾನಾಪುರದ ಬಸ್ಸು ಹಿಡಿಯುವಾಗ ಮಾತ್ರ ಇಸ್ತ್ರಿ ಮಾಡಿದ ಸೀರೆ ಉಡುತ್ತಿದ್ದರು. ನಾನು ಪತ್ರಿಕೆಯ ವರದಿಗಾರ. ಎರಡು ವರ್ಷದ ಹಿಂದೆ ಶಿಬಿರದ ಸುದ್ದಿ ಮಾಡಲು ಅವರ ಜೊತೆ ಹೋದೆ.

ಅಂದು ಗೋಡೆಯ ಮೇಲಿದ್ದದ್ದು ಅಕ್ಕೋರೇ ಬರೆದ ಜಲವರ್ಣ: ಹಗ್ಗದ ಮೇಲೆ ಒಂದು ನೀಲಿ ಅಂಗಿ. ಹತ್ತು ವರ್ಷದ ರೇಣುಕಾ ಗೋಡೆಗೆ ತಿರುಗಿ ಓದಿದಳು:

ಅಂಗಿ ಒಣಗೇತಿ
ಯಾರೂ ತಗದಿಲ್ಲ
ಅಪ್ಪ ಮಚ್ಛೆದಾಗ ಇದ್ದಾನ
ಮಳಿ ಬಂದ್ರ ಅಂಗೀನ ತೋಯಬೇಕು

ಅವಳದು ಕಣಕುಂಬಿ ಕಡೆಯ ದನಗಾಹಿ ಮನೆತನ. ತಂದೆ ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯಲ್ಲಿ ದುಡಿಯುತ್ತ ಅಲ್ಲೇ ಇದ್ದ. ತಾಯಿ, ಮಗಳು ಖಾನಾಪುರದಲ್ಲಿ. ನಾನು ಸಾಲುಗಳನ್ನು ಬರೆದುಕೊಂಡೆ. ಬಸ್ಸಿನಲ್ಲಿ ಅಕ್ಕೋರು ಹೇಳಿದರು, “ಅದು ಆಕಿದು. ನಿಮ್ಮ ಪೇಪರಿಂದು ಅಲ್ಲ. ಹಾಕಬ್ಯಾಡ್ರಿ.”

ನಾನು ಹಾಕಿದೆ. ಹೆಸರು, ಊರು ಸಹಿತ.

ಕಾರ್ಖಾನೆಯಲ್ಲಿ ಅವಳ ಅಪ್ಪನ ಜೊತೆಯವರು ಅದನ್ನು ಜೋರಾಗಿ ಓದಿದರಂತೆ. “ಏನಪಾ, ನಿನ್ನ ಅಂಗಿ ಇನ್ನೂ ತೊಯ್ಯಾಕತ್ತೈತೇನು?” ಮರುವಾರದಿಂದ ರೇಣುಕಾ ಬರಲಿಲ್ಲ. ಮನೆಯ ಮಾತು ಪೇಪರಿಗೆ ಹೋಗುತ್ತದೆ ಎಂದು ಉಳಿದ ಮನೆಯವರೂ ಮಕ್ಕಳನ್ನು ಒಬ್ಬೊಬ್ಬರಾಗಿ ಬಿಡಿಸಿದರು.

ಕ್ಷಮೆ ಕೇಳಿದಾಗ ಅಕ್ಕೋರು ಕುಂಚ ತೊಳೆಯುತ್ತಿದ್ದರು. “ನನ್ನ ಯಾಕ ಕೇಳ್ತೀರಿ? ಆಕಿ ಮನಿಗೆ ಹೋಗ್ರಿ.” ಹೋದೆ. ರೇಣುಕಾಳ ತಾಯಿ ಹೊಸ್ತಿಲಲ್ಲೇ ನಿಂತು, “ಮನ್ಯಾಗ ಯಾರೂ ಇಲ್ಲ ಅಂತ ಬರಕೋರಿ. ಅದನ್ನೂ ಹಾಕ್ರಿ,” ಎಂದಳು.

ಅಕ್ಕೋರು ಭಾನುವಾರದ ಬಸ್ಸು ತಪ್ಪಿಸಲಿಲ್ಲ. ಪ್ರತಿ ಸಲ ಅದೇ ನೀಲಿ ಅಂಗಿಯ ಚಿತ್ರ, ಒಂದೇ ಚಾಪೆ. ಆ ಜೂನ್ ಭಾನುವಾರ ಮೆಟ್ಟಿಲಿಳಿಯುವಾಗ ಕೇಳಿದೆ, “ಯಾರೂ ಬರಂಗಿಲ್ರಿ ಅಕ್ಕೋರ. ಮತ್ತ ಮತ್ತ ಯಾಕ ಬರ್ತೀರಿ?”

“ಆಕಿ ಬಂದು, ಬಾಗಲಾ ಹಾಕಿದ್ದು ನೋಡಿ ತಿರುಗಿ ಹೋದ್ರ?”

ಅಕ್ಟೋಬರ್ ಕೊನೆಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ನಿಂತಿತು. ಮೂರು ವಾರ ಬೆಳಗಾವಿಯ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಕೋಣೆಯ ಕೀಲಿಯನ್ನು ಗಿರಣಿಯವರಿಗೆ ಮುಟ್ಟಿಸುವಂತೆ ಅವರ ತಂಗಿಯ ಮಗಳು ನನ್ನ ಕೈಗೆ ಕೊಟ್ಟಳು.

ಗಿರಣಿಯವರು ಹಿಟ್ಟಿನ ಕೈ ಒರೆಸಿಕೊಂಡು ಹೇಳಿದರು, “ನಿಮ್ಮ ಅಕ್ಕೋರು ದವಾಖಾನ್ಯಾಗ ಇದ್ದಾಗ ಆ ಹುಡುಗಿ ರೇಣುಕಾ ಎರಡು ಐತವಾರ ಶಿಬಿರದ ಹೊತ್ತಿಗೆ ಬಂದಿತ್ತು ನೋಡ್ರಿ. ವಹಿ ಹಿಡಕೊಂಡು. ಬಾಗಲಾ ಹಾಕಿತ್ತು. ಕರದು ಹೇಳಬೇಕಂದ್ರ ಓಡಿಹೋತು.”

ಮೇಲೆ ಹೋಗಿ ನೋಡಿದೆ. ಚಿತ್ರ ಗೋಡೆಗೆ ಮುಖಮಾಡಿಯೇ ಇತ್ತು.

ಕೀಲಿ ನಾನು ಹಿಂತಿರುಗಿಸಿಲ್ಲ. ಕೋಣೆ ಮತ್ತೆ ತೆರೆದಿದೆ ಎಂದು ಗಿರಣಿಯವರ ಮೂಲಕ ರೇಣುಕಾಳ ತಾಯಿಗೆ ಹೇಳಿ ಕಳಿಸಿದ್ದೇನೆ. ಭಾನುವಾರ ಹನ್ನೊಂದಕ್ಕೆ ಬಾಗಿಲು ತೆರೆದು ಒಂದರವರೆಗೆ ಕೂರುತ್ತೇನೆ. ನಿನ್ನೆಯವರೆಗೆ ಯಾರೂ ಬಂದಿಲ್ಲ.