ಹನ್ನೆರಡೂವರೆ ಸೆಕೆಂಡಿನ ಮಾವ

ಒಂದು ಬೋಲ್ಟನ್ನು ಎತ್ತಿಕೊಂಡು, ಅದಕ್ಕೆ ಎರಡು ವಾಷರ್ ತೊಡಿಸಿ, ನಟ್ಟು ತಿರುಗಿಸಿ ತಟ್ಟೆಗೆ ಹಾಕಲು ಎಷ್ಟು ಹೊತ್ತು ಬೇಕು? ಹನ್ನೆರಡೂವರೆ ಸೆಕೆಂಡು. ಆ ಕಾಲೇಜಿನ ಕೈಗಾರಿಕಾ ಎಂಜಿನಿಯರಿಂಗ್ ವಿಭಾಗದಲ್ಲಿ ಓದಿದವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇದೇ ಉತ್ತರ ಬರುತ್ತಿತ್ತು. ಪ್ರಯೋಗಾಲಯದ ಕೈಪಿಡಿಯ ಕೊನೆಯ ಪುಟದಲ್ಲಿ ಅದು ಅಚ್ಚಾಗಿತ್ತು. ವರ್ಷ ವರ್ಷವೂ ಹೊಸ ಮಕ್ಕಳು ಬಂದು, ಸ್ಟಾಪ್‌ವಾಚು ಹಿಡಿದು, ಅದನ್ನೇ ಹೊಸದಾಗಿ ಕಂಡುಹಿಡಿದು ಹೋಗುತ್ತಿದ್ದರು.

ಆ ಸಂಖ್ಯೆಯನ್ನು ಕಂಡರೆ ಅಲ್ಲಿನ ಉಪನ್ಯಾಸಕಿಗೆ ಮೈಯೆಲ್ಲ ಉರಿಯುತ್ತಿತ್ತು.

ವಿದ್ಯಾರ್ಥಿಗಳು ಆಕೆಯನ್ನು ಬೆನ್ನ ಹಿಂದೆ ‘ಅಳತೆಗೋಲು’ ಎನ್ನುತ್ತಿದ್ದರು. ಆಕೆಗೆ ಅದು ಗೊತ್ತಿತ್ತು, ಬೇಸರವಿರಲಿಲ್ಲ. ಬೇಸರಕ್ಕೆ ಬೇರೆ ಕಾರಣಗಳು ಬೇಕಾದಷ್ಟಿದ್ದವು. ಹರೆಯದಲ್ಲಿ ಆಕೆ ಸೋಪಿನ ಕಾರ್ಖಾನೆಯೊಂದರಲ್ಲಿ ಪೆಟ್ಟಿಗೆ ತುಂಬುವ ಕೆಲಸಕ್ಕಿದ್ದಳು. ಮೇಜು ಎದೆಮಟ್ಟಕ್ಕಿತ್ತು, ಸಂಜೆಯಾಗುವಷ್ಟರಲ್ಲಿ ಹೆಗಲು ಕಿತ್ತುಬರುತ್ತಿತ್ತು. ಒಂದು ದಿನ ಇಸ್ತ್ರಿ ಮಾಡಿದ ಅಂಗಿಯ ಎಂಜಿನಿಯರೊಬ್ಬ ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತ, ಏನನ್ನೋ ಗೀಚಿಕೊಂಡ, ಹೋದ. ಮರುವಾರದಿಂದ ತುಂಬಬೇಕಾದ ಪೆಟ್ಟಿಗೆಗಳು ಹೆಚ್ಚಾದವು. ಮೇಜು ಮಾತ್ರ ಇದ್ದಷ್ಟೇ ಎತ್ತರದಲ್ಲಿತ್ತು. ಅಷ್ಟು ಹೊತ್ತು ನಿಂತು ನೋಡಿದವನ ಕಣ್ಣಿಗೆ ಮೇಜು ಬೀಳಲಿಲ್ಲವೇ ಎಂಬ ಒಂದೇ ಸಿಟ್ಟಿನಲ್ಲಿ ಆಕೆ ಇದೇ ಕಾಲೇಜಿನ ಸಂಜೆ ತರಗತಿ ಸೇರಿದಳು, ಪದವಿ ಪಡೆದಳು, ಕೊನೆಗೆ ಅದೇ ವಿಭಾಗದಲ್ಲಿ ಪಾಠ ಹೇಳಲು ನಿಂತಳು. ಮೇಜನ್ನು ನೋಡಬಲ್ಲ ಎಂಜಿನಿಯರುಗಳನ್ನು ತಯಾರು ಮಾಡಬೇಕೆಂಬುದು ಆಕೆಯ ಹಟ. ತಯಾರಾಗುತ್ತಿದ್ದವರೆಲ್ಲ ಹನ್ನೆರಡೂವರೆಯವರು.

ಈಗ ಆ ಹಟದ ಬುಡಕ್ಕೇ ಕೊಡಲಿ ಬಿದ್ದಿತ್ತು. ವಿಭಾಗಕ್ಕೆ ಹೊಸದಾಗಿ ಬಂದ ಮುಖ್ಯಸ್ಥ ಆಕೆಗಿಂತ ಚಿಕ್ಕವನು, ಸದಾ ನಗುಮುಖದವನು. ಪಠ್ಯಕ್ರಮವನ್ನು ಸುಧಾರಿಸುವ ಉತ್ಸಾಹದಲ್ಲಿ ಅವನು ಮೊದಲು ಕೈಯಿಟ್ಟದ್ದು ಆಕೆಯ ಪ್ರಯೋಗಾಲಯಕ್ಕೆ.

“ಪರದೆ ಮೇಲೆ ಒಬ್ಬ ಮನುಷ್ಯ ಕೆಲಸ ಮಾಡ್ತಾನೆ ಮೇಡಂ. ಮಕ್ಕಳು ಕಂಪ್ಯೂಟರಲ್ಲೇ ಅವನನ್ನ ಅಳೀತಾರೆ. ಅವನಿಗೆ ರಜೆ ಬೇಡ, ಟೀ ಬೇಡ, ಕೂರೋಕೆ ಸ್ಟೂಲೂ ಬೇಡ.”

“ಹಾಗಾದ್ರೆ ಅವನಿಗೆ ಎಂಜಿನಿಯರೂ ಬೇಡ,” ಎಂದಳು ಆಕೆ.

ಮಾತು ಬೆಳೆದು ಪಠ್ಯಕ್ರಮ ಪರಿಶೀಲನಾ ಸಮಿತಿಯವರೆಗೆ ಹೋಯಿತು. ಹೊರಗಿನ ಪ್ರಾಧ್ಯಾಪಕರ ಸಮಿತಿ ಬಂದು, ಪ್ರಯೋಗಾಲಯವನ್ನು ಕಣ್ಣಾರೆ ಕಂಡು, ಅದು ಉಳಿಯಬೇಕೋ ಅಥವಾ ಕಂಪ್ಯೂಟರಿಗೆ ಜಾಗ ಬಿಡಬೇಕೋ ಎಂಬುದನ್ನು ತೀರ್ಮಾನಿಸುವುದೆಂದು ಗೊತ್ತಾಯಿತು. ಆಕೆ ತನ್ನ ವಾದವನ್ನು ಒಂದೇ ವಾಕ್ಯಕ್ಕೆ ಇಳಿಸಿ ಕಳುಹಿಸಿದಳು: ‘ಪರದೆಯ ಮನುಷ್ಯ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಾನೆ, ಜೀವಂತ ಮನುಷ್ಯ ಕೊಡುವುದಿಲ್ಲ, ಏಕೆಂದು ಕೇಳುವುದೇ ನಮ್ಮ ವಿದ್ಯೆ.’ ಬರೆದ ವಾಕ್ಯದ ಬಗ್ಗೆ ಆಕೆಗೆ ಹೆಮ್ಮೆಯಿತ್ತು.

ಪ್ರಯೋಗಾಲಯದ ಜೀವಂತ ಮನುಷ್ಯ ಆಕೆಯ ಸೋದರಮಾವ. ಆತ ಅಲ್ಲಿನ ಅಟೆಂಡರ್. ಆಕೆ ವಿದ್ಯಾರ್ಥಿನಿಯಾಗಿ ಆ ಮೆಟ್ಟಿಲು ಹತ್ತುವುದಕ್ಕೂ ಮೊದಲಿನಿಂದ ಅಲ್ಲಿದ್ದವನು. ಬೀಗ ತೆಗೆಯುವುದು, ಬೋಲ್ಟುಗಳಿಗೆ ಎಣ್ಣೆ ಸವರುವುದು, ತರಗತಿಯ ಹೊತ್ತಿಗೆ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ‘ಕೆಲಸಗಾರ’ನಾಗುವುದು ಅವನ ಕರ್ತವ್ಯ. ಮಕ್ಕಳು ಸುತ್ತ ನಿಂತು ಅಳೆಯುತ್ತಿದ್ದರು, ಅವನು ಜೋಡಿಸುತ್ತಿದ್ದ. ಕಾಲೇಜಿನಲ್ಲಿ ಆಕೆಯನ್ನು ‘ಮೇಡಂ’ ಎಂದು ಎಳೆದು ಕರೆಯುತ್ತಿದ್ದ. ಮನೆಯಲ್ಲಿ ‘ಲೇ ಹುಡುಗಿ.’

ಸಮಿತಿಗೆ ತೋರಿಸಲೆಂದು ಆಕೆ ಪ್ರಯೋಗವನ್ನು ಬದಲಿಸಿದಳು. ಕೈಪಿಡಿಗಳನ್ನು ಕಸಿದು ಬೀರುವಿನಲ್ಲಿಟ್ಟಳು. ದೂರದಲ್ಲಿದ್ದ ವಾಷರಿನ ತಟ್ಟೆಯನ್ನು ಕೈಗೆಟುಕುವ ಹಾಗೆ ಹತ್ತಿರ ಸರಿಸಿದಳು, ಮೇಜಿನ ಎತ್ತರವನ್ನು ತಗ್ಗಿಸಿದಳು. ಕೈ ಚಾಚುವುದು ಕಡಿಮೆಯಾದರೆ ಹೊತ್ತೂ ಕಡಿಮೆಯಾಗಲೇಬೇಕು. ಮಕ್ಕಳು ಅದನ್ನು ತಾವೇ ಕಂಡುಕೊಳ್ಳಬೇಕು. ಮೊದಲ ತಂಡ ಅಳೆಯಿತು. ಹನ್ನೆರಡೂವರೆ.

“ಹಿಂದಿನ ವರ್ಷದವರ ಹತ್ರ ಕೇಳ್ಕೊಂಡು ಬಂದಿದೀರಾ?”

“ಇಲ್ಲ ಮೇಡಂ, ವಾಚಲ್ಲೇ ಬಂತು.”

“ವಾಚಲ್ಲಿ ಬಂತಂತೆ! ನಾಚಿಕೆ ಆಗಲ್ವಾ?”

ಎರಡನೆಯ ತಂಡದವರನ್ನು ಒಬ್ಬರಿಂದೊಬ್ಬರನ್ನು ದೂರ ನಿಲ್ಲಿಸಿದಳು, ಪಿಸುಗುಟ್ಟಿದವರನ್ನು ಹೊರಗೆ ಹಾಕಿದಳು. ಹನ್ನೆರಡೂವರೆ. ಹೊರಗೆ ಹಾಕಿಸಿಕೊಂಡವರು ಕಿಟಕಿಯಿಂದ ಇಣುಕಿ ಅಳೆದರು, ಅವರಿಗೂ ಹನ್ನೆರಡೂವರೆ. ಎಲ್ಲರನ್ನೂ ಬೈದು ಮನೆಗೆ ಅಟ್ಟಿ, ಆಕೆ ತಾನೇ ವಾಚು ಹಿಡಿದು ಮಾವನ ಮುಂದೆ ನಿಂತಳು. ಮುಳ್ಳು ಹನ್ನೆರಡನ್ನು ದಾಟಿ ಅರ್ಧಕ್ಕೆ ಬಂದಾಗ ಬೋಲ್ಟು ತಟ್ಟೆಯಲ್ಲಿ ಟಣ್ ಎಂದಿತು.

ಆಗ ಆಕೆ ಮೊದಲ ಬಾರಿಗೆ ಬೋಲ್ಟನ್ನು ಬಿಟ್ಟು ಮಾವನ ಕೈಯನ್ನು ನೋಡಿದಳು. ಎರಡನೆಯ ವಾಷರ್ ತೊಡಿಸಿದ ಮೇಲೆ, ನಟ್ಟನ್ನು ಮುಟ್ಟುವ ಮೊದಲು, ಅವನು ಹೆಬ್ಬೆರಳನ್ನು ಅಂಗಿಯ ಅಂಚಿಗೆ ಒರೆಸಿಕೊಳ್ಳುತ್ತಿದ್ದ. ನಿಧಾನವಾಗಿ, ತುಂಬಾ ಮುಖ್ಯವಾದ ಕೆಲಸವೆಂಬಂತೆ.

“ಈ ಒರೆಸೋದು ಯಾತಕ್ಕೆ?”

“ತಟ್ಟೆ ಹತ್ತಿರ ಇಟ್ಟಿದೀರಲ್ಲ ಮೇಡಂ. ಹೊತ್ತು ಮಿಗುತ್ತೆ. ಎಲ್ಲಾದ್ರೂ ಕಳೀಬೇಕಲ್ಲ?”

ಆಕೆ ವಾಚನ್ನು ಮೇಜಿನ ಮೇಲಿಟ್ಟಳು. “ಅಂದ್ರೆ ನೀನು ಬೇಕಂತಲೇ...?”

“ಮತ್ತೇನು? ಹಳೇ ಮುಖ್ಯಸ್ಥರಿದ್ದಾಗ ಉತ್ತರ ಒಂದಿಷ್ಟು ಆಚೀಚೆ ಆದ್ರೂ ಅಂಕ ಕತ್ತರಿಸೋರು. ಒಂದು ಹುಡುಗಿ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ಲು. ಅವತ್ತಿಂದ ನಾನೇ ಸರಿ ಮಾಡ್ಕೊಂಡು ಬಂದಿದೀನಿ. ಒಂದು ಮಗೂನೂ ಈ ಲ್ಯಾಬಲ್ಲಿ ಫೇಲಾಗಿಲ್ಲ.” ಮಾವನ ದನಿಯಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ; ಮೆಚ್ಚುಗೆಯ ನಿರೀಕ್ಷೆಯಿತ್ತು.

ಕೇಳಬಾರದೆಂದುಕೊಂಡರೂ ಆಕೆ ಕೇಳಿದಳು. ಆ ಪ್ರಯೋಗದಲ್ಲಿ ತಾನು ಪಡೆದ ಪೂರ್ಣಾಂಕದ ಬಗ್ಗೆ ಇಂದಿಗೂ ಮಕ್ಕಳಿಗೆ ಹೇಳುತ್ತಿದ್ದವಳು ಆಕೆ. “ನಮ್ಮ ಬ್ಯಾಚಿಗೂ?”

ಮಾವ ಸೂರು ನೋಡಿದ. “ನೀನು ನನ್ನ ಅಕ್ಕನ ಮಗಳು ಕಣೇ. ಊರ ಮಕ್ಕಳಿಗೆ ಮಾಡಿ ನಿನಗೆ ಬಿಡ್ಲಾ?”

ಸಿಟ್ಟು, ನಾಚಿಕೆ, ನಗು ಎಲ್ಲವೂ ಒಟ್ಟಿಗೆ ಬಂದವು. ಮೂರರಲ್ಲಿ ಗೆದ್ದದ್ದು ಸಿಟ್ಟೇ. ಸಮಿತಿಗೆ ಕಳುಹಿಸಿದ ವಾಕ್ಯ ಕಣ್ಣ ಮುಂದೆ ಕುಣಿಯಿತು. ಪರದೆಯ ಮನುಷ್ಯನಿಗೂ ತನ್ನ ಜೀವಂತ ಮನುಷ್ಯನಿಗೂ ಇದ್ದ ವ್ಯತ್ಯಾಸ ಟೀ ಒಂದೇ ಎಂದಾಯಿತು.

ಆ ಸಂಜೆಯಿಂದ ಮನೆಯ ಊಟದ ಮೇಜು ಪ್ರಯೋಗಾಲಯವಾಯಿತು. ಆಕೆ ಬೋಲ್ಟುಗಳನ್ನು ಚೀಲದಲ್ಲಿ ತಂದು ಸುರಿದಳು.

“ನಿನಗೆ ತೋಚಿದ ಹಾಗೆ ಮಾಡು ಮಾವ. ಯಾರ ಅಂಕಾನೂ ನೆನಪು ಮಾಡ್ಕೋಬೇಡ.”

ಮಾವ ಮಾಡಿದ. ಹನ್ನೆರಡೂವರೆ. ಬೇಗ ಮಾಡು ಎಂದರೆ ಬೇಗ ಮಾಡಿದ. ಆದರೆ ಪ್ರತಿ ಸಲವೂ ಅಷ್ಟೇ ಬೇಗ. ನಿಧಾನ ಎಂದರೆ ಪ್ರತಿ ಸಲವೂ ಅಷ್ಟೇ ನಿಧಾನ. ಬೇರೆ ಏನಾದರೂ ಯೋಚನೆ ಮಾಡುತ್ತ ಮಾಡು ಎಂದರೆ, ಕಣ್ಣು ಮುಚ್ಚಿಕೊಂಡು ಹನ್ನೆರಡೂವರೆಗೆ ಮುಗಿಸಿ, “ಯೋಚನೆ ಮಾಡಿದೆ, ನೋಡು,” ಎಂದ.

“ಅಕ್ಕಾ, ನಿನ್ನ ಮಗಳು ನನ್ನನ್ನ ಮಷೀನು ಅಂದ್ಕೊಂಡಿದಾಳೆ,” ಎಂದು ಅಡುಗೆಮನೆಗೆ ದೂರು ಹೋಯಿತು.

“ಮಷೀನಾಗಿದ್ರೆ ವಾಸಿ ಇತ್ತು ಕಣೋ,” ಎಂದಳು ಅಮ್ಮ ಒಳಗಿನಿಂದಲೇ. “ಎರಡು ಸಲ ಬಡಿಸ್ಕೊತಿರಲಿಲ್ಲ. ಮೇಜು ಖಾಲಿ ಮಾಡಿ ಇಬ್ರೂ, ತಟ್ಟೆ ಎಲ್ಲಿ ಇಡ್ಲಿ?”

ಸಮಿತಿ ಬಂತು. ಮೂವರು ಬಂದರು; ಅಧ್ಯಕ್ಷರು ಉದ್ದ ತೋಳಿನ ಅಂಗಿ ತೊಟ್ಟ, ಗಂಟಲು ಸರಿಮಾಡಿಕೊಳ್ಳದೆ ಮಾತೇ ಆಡದ ಹಿರಿಯ ಪ್ರಾಧ್ಯಾಪಕರು. ಮುಖ್ಯಸ್ಥ ನಗುತ್ತ ಹಿಂದೆ ನಿಂತ. ಮಾವ ಹೊಸದಾಗಿ ಕ್ಷೌರ ಮಾಡಿಸಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದ. ಆಕೆ ಅವನನ್ನು ನೋಡಿದ ನೋಟದಲ್ಲಿ ಬೇಡಿಕೆಯೂ ಇತ್ತು, ಬೆದರಿಕೆಯೂ ಇತ್ತು. ಮಾವ ‘ನಾನಿದ್ದೇನೆ’ ಎಂಬಂತೆ ತಲೆಯಾಡಿಸಿದಾಗಲೇ ಇಂದೂ ಹನ್ನೆರಡೂವರೆಯೇ ಎಂಬುದು ಆಕೆಗೆ ಗೊತ್ತಾಯಿತು.

ಮಕ್ಕಳು ಅಳೆದರು. ಮೊದಲನೆಯವನು ಹೇಳಿದ, ಹನ್ನೆರಡೂವರೆ. ಎರಡನೆಯವಳೂ ಅದನ್ನೇ ಹೇಳಿದಳು. ಮೂರನೆಯವನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

“ಜೀವಂತ ಮನುಷ್ಯ ಒಂದೇ ಉತ್ತರ ಕೊಡೋದಿಲ್ಲ ಅಂತ ಬರೆದಿದ್ರಿ, ಅಲ್ವೇನಮ್ಮಾ?”

ಒಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ನುರಿತ ಕೈ, ಅದಕ್ಕೇ ಹೀಗೆ ಎಂದರೆ ಸಾಕಿತ್ತು. ಆಕೆಗೆ ಸುಳ್ಳು ಹೇಳುವ ತಾಳ್ಮೆಯೂ ಉಳಿದಿರಲಿಲ್ಲ.

“ಇವರು ಬೇಕಂತಲೇ ಹಾಗೆ ಮಾಡ್ತಾರೆ ಸರ್. ಕೈಪಿಡಿಯ ಉತ್ತರ ಬಂದ್ರೆ ಮಾತ್ರ ಅಂಕ ಅಂತ ನಾವು ನಿಯಮ ಮಾಡಿದ್ವಿ. ಮಕ್ಕಳ ಮೇಲಿನ ಕರುಣೆಗೆ ಇವರು ಆ ಉತ್ತರಾನ ಬರಿಸ್ತಾ ಬಂದ್ರು. ನಾವು ಅಳತೆ ಕಲಿಸಿದೀವಿ ಅಂದ್ಕೊಂಡಿದ್ವಿ. ನನ್ನ ಪೂರ್ಣಾಂಕವೂ ಇವರು ಕೊಟ್ಟದ್ದೇ.” ಮುಖ್ಯಸ್ಥನ ನಗು ಮೊದಲ ಬಾರಿಗೆ ಮಾಯವಾಯಿತು. ಆಕೆ ತಿರುಗಿ, ಕಾಲೇಜಿನಲ್ಲಿದ್ದೇನೆಂಬುದನ್ನೂ ಮರೆತು, “ಏಳು ಮಾವ,” ಎಂದಳು. ಬಳಿಕ ಅಧ್ಯಕ್ಷರಿಗೆ: “ನೀವು ಕೂತ್ಕೊಳ್ಳಿ ಸರ್.”

ಅಧ್ಯಕ್ಷರು ಒಮ್ಮೆ ಜೊತೆಯವರತ್ತ ನೋಡಿ, ಕುಳಿತರು. ಮೊದಲ ಬೋಲ್ಟಿಗೇ ವಾಷರ್ ತಟ್ಟೆಯಿಂದ ಜಾರಿ ನೆಲದ ಮೇಲೆ ಉರುಳಿತು. ಎರಡನೆಯದಕ್ಕೆ ತೋಳಿನ ಗುಂಡಿ ತಟ್ಟೆಗೆ ಸಿಕ್ಕಿಕೊಂಡಿತು. ಅವರು ಬೆವರಿದರು, ತೋಳು ಮಡಚಿದರು, ಸ್ಟೂಲನ್ನು ಮುಂದೆಳೆದುಕೊಂಡರು. ಮಕ್ಕಳ ಉತ್ತರಗಳು ದಿಕ್ಕಾಪಾಲಾದವು. ಒಬ್ಬರದು ಒಬ್ಬರಿಗೆ ತಾಳೆಯಾಗಲಿಲ್ಲ.

“ಬಿದ್ದ ವಾಷರ್ ಎತ್ತಿಕೊಂಡ ಹೊತ್ತನ್ನೂ ಸೇರಿಸಿದೀಯಲ್ಲೇ, ಅದು ಕೆಲಸನಾ?” ಎಂದು ಒಬ್ಬ ಗೆಳತಿಯ ಮೇಲೆ ಹರಿಹಾಯ್ದ.

“ಮತ್ತೆ ಅವರು ಬಗ್ಗಿದ್ದು ಆಟಕ್ಕಾ?”

“ಅದು ಆಕಸ್ಮಿಕ,” ಎಂದರು ಅಧ್ಯಕ್ಷರು ಗಂಭೀರವಾಗಿ. “ಸೇರಿಸಬಾರದು.”

“ಸರ್, ನಾಲ್ಕು ಸಲ ಬಿತ್ತಲ್ಲ,” ಎಂದಳು ಹುಡುಗಿ. “ನಾಲ್ಕು ಸಲ ಆದ್ಮೇಲೆ ಆಕಸ್ಮಿಕ ಹೇಗೆ ಸರ್? ತಟ್ಟೆಗೆ ಅಂಚಿಲ್ಲ, ಅದಕ್ಕೇ ಬೀಳ್ತಿದೆ. ಅಂಚು ಕಟ್ಟಿಸಿದ್ರೆ ಬೀಳಲ್ಲ.”

ಅಂದು ಆ ಇಸ್ತ್ರಿ ಅಂಗಿಯವನಿಗೆ ಕಾಣದೆಹೋದ ಮೇಜು, ಈ ಹುಡುಗಿಗೆ ಯಾರೂ ಬೆರಳು ಮಾಡಿ ತೋರಿಸದೆಯೇ ಕಂಡಿತ್ತು. ವಾದ ಬೆಳೆಯಿತು, ಸಮಿತಿಯ ಇನ್ನಿಬ್ಬರೂ ಅದರಲ್ಲಿ ಸೇರಿಕೊಂಡರು, ಊಟ ಆರಿಹೋಗುತ್ತಿದೆಯೆಂದು ಮುಖ್ಯಸ್ಥ ನೆನಪಿಸಿದರೂ ಯಾರೂ ಏಳಲಿಲ್ಲ.

ಕೆಲವು ದಿನಗಳ ಮೇಲೆ ತೀರ್ಮಾನ ಬಂತು. ಪ್ರಯೋಗಾಲಯ ಉಳಿಯತಕ್ಕದ್ದು. ಕಂಪ್ಯೂಟರ್ ಪಾಠಕ್ಕೆ ಬೇರೆ ಕೋಣೆ ನೋಡತಕ್ಕದ್ದು. ಒಂದೇ ಒಂದು ಷರತ್ತು: ಅಂಕ ನೀಡಿಕೆ ಏಕರೂಪವಾಗಿರಲೆಂದು, ಪ್ರತಿ ಪ್ರಯೋಗದ ನಿರೀಕ್ಷಿತ ಉತ್ತರವನ್ನು ಕೈಪಿಡಿಯಲ್ಲಿ ಹಿಂದಿನಂತೆಯೇ ಅಚ್ಚು ಹಾಕತಕ್ಕದ್ದು.

ಆಕೆ ಅದನ್ನು ಎರಡು ಸಲ ಓದಿ ಮೇಜಿಗೆ ಕುಕ್ಕಿದಳು. “ಅಷ್ಟು ಹೊತ್ತು ಸ್ಟೂಲ್ ಮೇಲೆ ಕೂತು ಬೆವರಿಳಿಸಿಕೊಂಡು ಹೋದವರೇ ಇದನ್ನ ಬರೆದಿದಾರಲ್ಲ!”

“ಒಂದು ಸಂಖ್ಯೆ ತಾನೇ ಮೇಡಂ, ಹಾಕಿಬಿಡಿ,” ಎಂದ ಮುಖ್ಯಸ್ಥ. ಈ ಸಲ ಅವನ ನಗುವಿನಲ್ಲಿ ಸ್ವಲ್ಪ ಸ್ನೇಹವಿತ್ತು. “ಲ್ಯಾಬು ಉಳೀತಲ್ಲ.”

ಆಕೆ ಹಾಕಿದಳು. ಹೊಸ ಕೈಪಿಡಿಯ ಕೊನೆಯ ಪುಟದಲ್ಲಿ ‘ನಿರೀಕ್ಷಿತ ಉತ್ತರ: ಹನ್ನೆರಡೂವರೆ ಸೆಕೆಂಡು’ ಎಂದು ದಪ್ಪಕ್ಷರದಲ್ಲಿ ಅಚ್ಚಾಯಿತು. ಅದರ ಕೆಳಗೆ ಇನ್ನೊಂದು ಸಾಲು: ‘ಬೇರೆ ಉತ್ತರ ಬಂದವರು ಏಕೆ ಬಂತೆಂಬುದನ್ನು ವಿವರಿಸತಕ್ಕದ್ದು. ಇದೇ ಉತ್ತರ ಬಂದವರೂ ಏಕೆ ಬಂತೆಂಬುದನ್ನು ವಿವರಿಸತಕ್ಕದ್ದು. ಅಂಕ ವಿವರಣೆಗೆ ಮಾತ್ರ.’ ಷರತ್ತಿನ ಅಕ್ಷರ ಅಕ್ಷರವೂ ಪಾಲನೆಯಾಗಿತ್ತು. ತಪ್ಪು ಹುಡುಕುವವರು ಹುಡುಕಿಕೊಳ್ಳಲಿ ಎಂದು ಒಂದು ಪ್ರತಿಯನ್ನು ಅಧ್ಯಕ್ಷರಿಗೂ ಕಳುಹಿಸಿದಳು.

ಮಾವ ಹೊಸ ಪುಟವನ್ನು ತುಟಿಯಾಡಿಸುತ್ತ ಓದಿದ. ಓದಿ, ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ.

“ಅಂದ್ರೆ ಮೇಡಂ, ಒಬ್ಬೊಬ್ಬರಿಗೆ ಒಂದೊಂದು ಬಂದ್ರೆ ಮಕ್ಕಳಿಗೆ ಬರೆಯೋಕೆ ಜಾಸ್ತಿ ಸಿಗುತ್ತೆ?”

“ಹೌದು.”

“ಬಿಡಿ ಹಾಗಾದ್ರೆ. ಕನ್ನಡಕದ ಹುಡುಗನಿಗೆ ಹದಿಮೂರು ಬರಿಸ್ತೀನಿ. ಆ ಜಗಳಗಂಟಿಗೆ ಹನ್ನೊಂದು. ಹಿಂದಿನ ಸಾಲಿನವನು ಪಾಪ, ದಡ್ಡ. ಅವನಿಗೆ ವಾಷರ್ ಬೀಳಿಸಿಕೊಡ್ತೀನಿ, ಸುಲಭವಾಗಿ ಬರೀಬಹುದು.”

ಆಕೆ ಹಣೆ ಚಚ್ಚಿಕೊಂಡಳು. ಬಳಿಕ ಮಾವನ ರಟ್ಟೆ ಹಿಡಿದು ಎಬ್ಬಿಸಿ, ಸ್ಟೂಲನ್ನು ಕಸಿದುಕೊಂಡು, ಬಾಗಿಲಲ್ಲಿ ಕಾಯುತ್ತಿದ್ದ ಮಕ್ಕಳತ್ತ ನೂಕಿದಳು. “ಇವತ್ತಿಂದ ನೀವೇ ಕೂರಬೇಕು. ಒಬ್ಬರು ಜೋಡಿಸಿ, ಉಳಿದವರು ಅಳೀರಿ. ಕಾಯ್ತಾ ನಿಂತಿದೀರೇನು?”

ಜಗಳಗಂಟಿ ಹುಡುಗಿ ಬಂದು ಕುಳಿತಳು. ಮೇಜಿನ ಎತ್ತರವನ್ನು ಕಣ್ಣಿನಲ್ಲೇ ಅಳೆದು, ಕೇಳದೆಯೇ ಒಂದು ಹಿಡಿ ತಗ್ಗಿಸಿಕೊಂಡಳು. ಸ್ಟೂಲು ಕಳೆದುಕೊಂಡ ಮಾವ ಅವಳ ಬೆನ್ನ ಹಿಂದೆ ಬಾಗಿ, ಯಾರಿಗೂ ಕೇಳಿಸುವುದಿಲ್ಲವೆಂದುಕೊಂಡು, “ನಿಧಾನ ಮಗಳೇ, ನಿಧಾನ, ಈಗ ಹೆಬ್ಬೆರಳು ಒರೆಸ್ಕೊ,” ಎಂದು ಹೇಳಿಕೊಡತೊಡಗಿದ.

“ಮಾವಾ!” ಎಂಬ ಕೂಗು ಕಾರಿಡಾರಿನ ಕೊನೆಯವರೆಗೂ ಕೇಳಿಸಿತು.